ಕೊನೆಯ ಹಾಳೆಯ ಪೆನ್ಸಿಲ್ ಬರಹ

ಒಂಬತ್ತು ಹುಡುಗಿಯರನ್ನು ಬೇಡವೆಂದಿದ್ದ ಸಿದ್ದಲಿಂಗೇಶ, ಹತ್ತನೆಯವಳು ಮಂಡಕ್ಕಿ ಸೂಸಲಾದ ತಟ್ಟೆ ಇಟ್ಟು ಕೂರುವ ಮೊದಲೇ ಪ್ರಶ್ನೆ ಎಸೆದ.

“ಕಾದಂಬರಿ ಓದ್ತೀರೇನ್ರಿ?”

ಸೇಡಂನ ಆ ಪಡಸಾಲೆಯಲ್ಲಿ ಯಾರೂ ಇದನ್ನು ನಿರೀಕ್ಷಿಸಿರಲಿಲ್ಲ. ಹುಡುಗಿಯ ತಂದೆ ಅಂಬರಾಯ ಚಹಾದ ಕಪ್ಪನ್ನು ಕೆಳಗಿಟ್ಟ. ಸಂಬಂಧ ತಂದಿದ್ದ ಮಡಿವಾಳಯ್ಯ ಕೆಮ್ಮಿದ. ಹುಡುಗನ ತಾಯಿ ಮಹಾದೇವಮ್ಮ ಸೂಸಲಾದೊಳಗಿನ ಶೇಂಗಾ ಆರಿಸಿ ತಿನ್ನುತ್ತಿದ್ದಳು. ತಮ್ಮೂರು ಆಡಕಿಯಿಂದ ಹೊರಡುವಾಗಲೇ ಮಗ ಹೇಳಿಟ್ಟಿದ್ದ: “ನಾ ಕೇಳೋದು ನಿನಗ ತಿಳ್ಯಂಗಿಲ್ಲವ್ವಾ, ಸುಮ್ಮ ಕುಂದ್ರು.”

“ಓದ್ತೀನ್ರಿ,” ಎಂದಳು ಭಾಗ್ಯಜ್ಯೋತಿ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ತಲೆ ತಗ್ಗಿಸುವ ಅಭ್ಯಾಸವಿರಲಿಲ್ಲ.

ಅವಳು ಯಾರೆಂದು ಸಿದ್ದಲಿಂಗೇಶನಿಗೆ ಗೊತ್ತಿತ್ತು. ಸೇಡಂ ಗ್ರಂಥಾಲಯದ ಸದಸ್ಯ ಸಂಖ್ಯೆ ೪೧೨.

ಸಿದ್ದಲಿಂಗೇಶ ಓದುತ್ತಿದ್ದುದು ಅನುವಾದಗಳನ್ನು ಮಾತ್ರ. ದೆವ್ವದ ಕಥೆ, ಪ್ರೇಮದ ಕಥೆ, ನಗಿಸುವ ಪತ್ತೇದಾರಿ; ಈಚೆಗೆ ಬಂದ ಇಂಥವೆಲ್ಲ ಅವನ ಪಾಲಿಗೆ ಕಸ. ಮನೆಮಂದಿಯ ಹೊತ್ತು ಹೋಗಲೆಂದು ಅಂಥದೊಂದನ್ನು ವಾರಕ್ಕೊಮ್ಮೆ ಚೀಲಕ್ಕೆ ತುರುಕಿಕೊಂಡು ಒಯ್ಯುತ್ತಿದ್ದ, ಯಾರಾದರೂ ಕಂಡಾರೆಂಬ ನಾಚಿಕೆಯಲ್ಲಿ. ಮರಳಿಸಲು ಹೋಗುವಾಗ ಬಸ್ಸಿನಲ್ಲಿ ಒಂದೆರಡು ಪುಟ ತಿರುವಿ ಮೂಗು ಮುರಿಯುವುದಷ್ಟೇ ಅವುಗಳಿಂದ ಅವನಿಗಾಗುತ್ತಿದ್ದ ಲಾಭ.

ಹಾಗೆ ತಿರುವುವಾಗಲೇ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲ್ ಬರಹ ಕಂಡಿತ್ತು. ದೆವ್ವದ ಕಾದಂಬರಿಯಲ್ಲಿ ಹೀಗಿತ್ತು: ‘ಸೇಡಿನ ಹೆಣ್ಣುದೆವ್ವ ಇನ್ನೂರು ಪುಟ ಬಾಗಿಲು ಬಡಿಯುತ್ತದೆ. ಗೋಡೆ ದಾಟಿ ಬರುವವಳಿಗೆ ಬಾಗಿಲ ಹಂಗೇಕೆ?’

ಅವನು ಮೂರು ಸಲ ಓದಿದ. ವಾಸ್ತವವಾದದ ತರ್ಕವನ್ನೇ ಬುಡಮೇಲು ಮಾಡಿದ ಪ್ರಶ್ನೆ! ಇಡೀ ಜಿಲ್ಲೆಯಲ್ಲಿ ತನ್ನಂತೆ ಯೋಚಿಸುವ ಇನ್ನೊಂದು ತಲೆ ಇದೆ. ಮುಂದೆ ಇನ್ನೆರಡು ಪುಸ್ತಕಗಳಲ್ಲೂ ಅದೇ ಕೈಬರಹ ಸಿಕ್ಕಿತು.

ಮೂರರ ಹಿಂದೆಯೂ ತಾರೀಖಿನ ಚೀಟಿ ಅಂಟಿಸಿತ್ತು. ಅದರಲ್ಲಿ ಎರಡೇ ಸದಸ್ಯ ಸಂಖ್ಯೆಗಳು, ಸರದಿ ಹಚ್ಚಿದಂತೆ ಒಮ್ಮೆ ಇದು, ಒಮ್ಮೆ ಅದು. ೨೦೭ ಅವನದು. ಅವನು ಬರೆದಿರಲಿಲ್ಲ. ಗ್ರಂಥಾಲಯದ ನಾಗರತ್ನಾ ಅತ್ತ ತಿರುಗಿದಾಗ ರಿಜಿಸ್ಟರಿನಲ್ಲಿ ೪೧೨ರ ಎದುರಿನ ಹೆಸರು ನೋಡಿಕೊಂಡ. ಮರುದಿನವೇ ಮಡಿವಾಳಯ್ಯನನ್ನು ಕಳಿಸಿದ. ಮದುವೆಯಾದರೆ ಆ ಪೆನ್ಸಿಲ್ ಹಿಡಿದ ಕೈಯನ್ನೇ. ಇಲ್ಲವೆಂದರೆ ಮದುವೆಯೇ ಬೇಡ.

“ಆ ದೆವ್ವದ ಕಾದಂಬರಿ ಹ್ಯಾಂಗನಿಸ್ತು?” ಎಂದು ಕೇಳಿದ.

ಭಾಗ್ಯಜ್ಯೋತಿಯ ತುಟಿಯಂಚಿನಲ್ಲಿ ನಗು ಸುಳಿಯಿತು. ಶಾಲೆಯಲ್ಲಿ ಪದ್ಯ ಒಪ್ಪಿಸುವಂತೆ ಹೇಳಿದಳು: “ಗೋಡೆ ದಾಟಿ ಬರುವವಳಿಗೆ ಬಾಗಿಲ ಹಂಗೇಕೆ?”

ಮಹಾದೇವಮ್ಮನ ಬೆರಳು ಶೇಂಗಾದ ಮೇಲೆ ನಿಂತಿತು.

“ಪ್ರೇಮದ್ದು?” ಸಿದ್ದಲಿಂಗೇಶ ಮುಂದಕ್ಕೆ ಬಾಗಿದ.

“ನಾಯಕ ನಾಯಕಿಯ ಕಣ್ಣನ್ನು ನಲವತ್ತು ಸಲ ಹೊಗಳುತ್ತಾನೆ. ಊಟ ಆಯಿತೇ ಎಂದು ಒಮ್ಮೆಯೂ ಕೇಳುವುದಿಲ್ಲ.”

“ಅದರೊಳಗ ಶರೀರಕ್ಕೂ ಭಾಷೆಗೂ ನಡುವಿನ ಕಂದರ ಅದ ನೋಡ್ರಿ!”

“ಹೌದ್ರಿ,” ಎಂದಳು ಅವಳು, ತುಸು ತಡೆದು.

ಅಂಬರಾಯ ಮಡಿವಾಳಯ್ಯನ ಕಿವಿಗೆ ಬಾಯಿ ತಂದ. “ಕನ್ಯಾ ನೋಡ್ಲಿಕತ್ತಾರೋ, ಪರೀಕ್ಷಾ ತೊಗೊಳ್ಳಿಕತ್ತಾರೋ?”

“ಸುಮ್ಮಿರ್ರಿ ಗೌಡ್ರ. ಒಂಬತ್ತು ಮನ್ಯಾಗ ಬರೀ ಚಹಾ ಕುಡದು ಎದ್ದ ಮನಷ್ಯಾ ಇಂವ. ಇಲ್ಲಿ ಮಾತು ಕುದುರ್ಲಿಕತ್ತದ.”

“ಕಡೀದು,” ಎಂದ ಸಿದ್ದಲಿಂಗೇಶ. “ಆ ನಗಸೋ ಪತ್ತೇದಾರಿ. ಪತ್ತೇದಾರ ಒಂಬತ್ತು ಸಲ ಜಾರಿ ನೆಲಕ್ಕೆ ಬೀಳುತ್ತಾನೆ, ಹತ್ತನೆಯ ಸಲ ಕಳ್ಳನ ಮೇಲೆ ಬೀಳುತ್ತಾನೆ...”

“ಇದಕ್ಕೆ ಬುದ್ಧಿ ಬೇಕಿಲ್ಲ,” ಅವಳು ಮುಗಿಸಿದಳು, “ಒದ್ದೆ ಫರಸಿಕಲ್ಲು ಸಾಕು.”

ಇಬ್ಬರೂ ಒಟ್ಟಿಗೆ ನಕ್ಕರು. ಅಂಬರಾಯನಿಗೂ ನಗು ಬಂತು, ಯಾಕೆಂದು ತಿಳಿಯಲಿಲ್ಲ. ಸಿದ್ದಲಿಂಗೇಶ ಎದ್ದೇ ನಿಂತ.

“ನನಗ ಹುಡುಗಿ ಒಪ್ಪಿಗಿ ಅದ. ಇಂಥಾ ಮಾತು ಬರ್ಯೋರು ಇನ್ನೊಬ್ರು ಸಿಗಂಗಿಲ್ಲ.”

ಭಾಗ್ಯಜ್ಯೋತಿಯ ನಗು ಅರ್ಧಕ್ಕೆ ನಿಂತಿತು. “ಯಾರು ಬರ್ಯೋರು?”

“ನೀವ. ಕಡೀ ಹಾಳಿ ಮ್ಯಾಲ.”

“ನಾ ಎಲ್ಲಿ ಬರ್ದೀನ್ರಿ? ಚೀಟಿ ಮ್ಯಾಲ ಇದ್ದದ್ದು ಎರಡ ನಂಬರು. ಒಂದು ನಂದು, ಇನ್ನೊಂದು ನಿಮ್ಮದಂತ ನಾಗರತ್ನಾನ ಕೇಳಿ ತಿಳಕೊಂಡೆ. ನೀವ ಬರದದ್ದಂತ ತಿಳದು ಒಂದೊಂದು ಪುಸ್ತಕ ಎರಡೆರಡು ಸಲ ತಂದು ಬಾಯಿಪಾಠ ಮಾಡೀನಿ. ಇಲ್ಲಂದ್ರ ಇವತ್ತ ನಾ ಈ ಜಮಖಾನಿ ಮ್ಯಾಲ ಕುಂದರತಿದ್ದಿಲ್ಲ.”

“ನಾ ಇಂಥಾ ಪುಸ್ತಕ ಓದೂದ ಇಲ್ಲ!”

“ಮತ್ತ ಆ ಕಂದರಾ ಪಂದರಾ ಅಂದ್ರೆಲ್ಲಾ?”

ಅವನು ಕೂತ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು, ಬಸ್ಸಿನಲ್ಲಿ ಎದುರು ಕೂತ ಅಪರಿಚಿತರಂತೆ. ಒಪ್ಪಿಗೆಯ ಮಾತು ಅಲ್ಲೇ ಗಾಳಿಯಲ್ಲಿ ನೇತಾಡುತ್ತಿತ್ತು. ಮಡಿವಾಳಯ್ಯ ಕೆಮ್ಮಲೂ ಹೆದರಿದ.

“ಅವೆಲ್ಲಾ ನಾ ಬರದದ್ದು,” ಎಂದಳು ಮಹಾದೇವಮ್ಮ, ತಟ್ಟೆಯನ್ನು ಬದಿಗೆ ಸರಿಸುತ್ತ. “ಈಗ ನಿಮ್ಮಿಬ್ಬರ ಹತ್ರ ನಿಮ್ಮ ಸ್ವಂತದ್ದಂತ ನಾಕು ಮಾತು ಇದ್ರ ಆಡ್ರಿ, ಕೇಳ್ತೀನಿ.”