ಜೋಡಿ ವಾಕಿಟಾಕಿ

"ಇದು ನೀರಿಗೆ ಬಿದ್ದರೂ ಕೆಡಲ್ಲ, ಎರಡನೇ ಮಹಡಿಯಿಂದ ಬಿದ್ದರೂ ಒಡೆಯಲ್ಲ," ಎಂದು ಅಂಗಡಿಯವನು ದಪ್ಪ ರಬ್ಬರು ಹೊದಿಸಿದ ಫೋನೊಂದನ್ನು ಗಾಜಿನ ಮೇಜಿನ ಮೇಲಿಟ್ಟ.

"ಸಿಗ್ನಲ್ಲೇ ಇಲ್ಲದ ಕಡೆ ಅದು ಬದುಕಿ ಉಳಿದು ಏನು ಮಾಡತ್ತೆ ಸ್ವಾಮಿ?" ಎಂದ ದರ್ಜಿ. ಅವನ ಹೆಂಡತಿ ಅದನ್ನು ಅಂಗೈಯಲ್ಲಿ ತೂಗಿ ನೋಡಿ ವಾಪಸ್ ಇಟ್ಟಳು. ಗುಡ್ಡ ಹತ್ತುವಾಗ ಸಾಮಾನೆಲ್ಲ ಬೆನ್ನ ಮೇಲೆ ಹೊರುವವಳು ಅವಳೇ.

ಮರುದಿನ ಬೆಳಿಗ್ಗೆ ಅವಳು ಕಾಡಿನ ಕಾವಲು ಗೋಪುರಕ್ಕೆ ಹೊರಡಬೇಕಿತ್ತು. ಬೇಸಿಗೆಯ ನಾಲ್ಕು ತಿಂಗಳು ಅಲ್ಲಿ ಒಬ್ಬಳೇ ಇದ್ದು, ಎಲ್ಲಾದರೂ ಹೊಗೆ ಎದ್ದರೆ ಕೆಳಗಿನ ಕಚೇರಿಗೆ ತಿಳಿಸುವ ಕೆಲಸ. ಅದಕ್ಕೆ ಇಲಾಖೆಯ ವೈರ್‌ಲೆಸ್ ಇದೆ, ಆದರೆ ಮನೆಯವರ ಮಾತುಕತೆಗೆ ಅದನ್ನು ಮುಟ್ಟುವಂತಿಲ್ಲ. ಹೋದ ವರ್ಷ ಕಚೇರಿಯವರು ಕನಿಕರಪಟ್ಟು ಒಂದೇ ಒಂದು ಸಲ ಅದನ್ನು ದರ್ಜಿಯ ಕೈಗೆ ಕೊಟ್ಟಿದ್ದರು. ಬ್ಯಾಂಕ್ ಮ್ಯಾನೇಜರರ ಸೊಂಟ ಎರಡೇ ವರ್ಷದಲ್ಲಿ ಎಷ್ಟು ಇಂಚು ಬೆಳೆಯಿತೆಂಬ ಸುದ್ದಿ ಸುತ್ತಲಿನ ಐದೂ ಗೋಪುರಗಳಿಗೆ ತಲುಪಿದ ಮೇಲೆ ಕಿತ್ತುಕೊಂಡರು. ಉಳಿದ ದಿನಗಳನ್ನು ಅವನು ಹೇಗೋ ತಳ್ಳಿದ. ಒಂದು ಅಂಗಿಗಂತೂ ಎರಡೂ ಎಡಗೈ ತೋಳುಗಳನ್ನೇ ಹೊಲಿದ. ಗಂಡನ ಬಾಯಿ ತಾಳಲಾರದೆ ಗುಡ್ಡ ಹತ್ತಿದಳು ಎಂದು ಬೀದಿಯವರು ನಗುತ್ತಿದ್ದರು. ಅವರ ಜೊತೆ ಅವನೂ ನಗುತ್ತಿದ್ದ, ಆದರೆ ಒಬ್ಬನೇ ಇದ್ದಾಗ ಅದು ನಿಜವೇ ಇರಬಹುದೆಂದು ಹೆದರುತ್ತಿದ್ದ.

"ಗೋಪುರದಿಂದ ನಿಮ್ಮ ಮನೆ ಕಾಣತ್ತಾ?" ಅಂಗಡಿಯವನು ಕೇಳಿದ.

"ದುರ್ಬೀನಿನಲ್ಲಿ ತಾರಸಿ ಮೇಲೆ ಒಣಹಾಕಿದ ಬಟ್ಟೆ ಕೂಡ ಕಾಣತ್ತೆ," ಎಂದಳು ಅವಳು.

"ಹಾಗಾದ್ರೆ ಈ ವಾಕಿಟಾಕಿ ಜೋಡಿ ಸಾಕು, ನಡುವೆ ಏನೂ ಅಡ್ಡ ಇಲ್ದಿದ್ರೆ ಟವರೇ ಬೇಡ. ಅಲ್ಲಿ ಚಾರ್ಜಿಗೆ?"

"ತಟ್ಟೆಯಷ್ಟಗಲದ ಸೋಲಾರ್ ಇದೆ."

"ಹುಷಾರಾಗಿ ಬಳಸಿ. ಮಾತಾಡಿದ್ರೆ ಬ್ಯಾಟರಿ ತಿನ್ನತ್ತೆ, ಬರೀ ಕೇಳಿಸ್ಕೊಂಡ್ರೆ ಅಷ್ಟಿಲ್ಲ."

ದರ್ಜಿಯ ಮುಖ ಅರಳಿತು. "ನಮಗಂತಲೇ ಹೇಳಿ ಮಾಡಿಸಿದ ಹಾಗಿದೆ! ಮನೇಲಿ ಕರೆಂಟಿದೆ, ನಾನು ಮಾತಾಡ್ತೀನಿ. ಅವಳು ಕೇಳಿಸ್ಕೋತಾಳೆ."

"ನಾನು ಹೇಳೋದು..." ಎಂದು ಹೆಂಡತಿ ಬಾಯಿ ತೆರೆದಳು.

"ಗೊತ್ತು ಕಣೇ, ಬೆಲೆ ಜಾಸ್ತಿ ಅಂತೀಯ. ಇರಲಿ ಬಿಡು."

ಅವಳು ಒಂದು ಸೆಟ್ ಎತ್ತಿಕೊಂಡು, ಪರೀಕ್ಷೆ ಮಾಡಲು ಬೀದಿಯ ಕೊನೆಗೆ ನಡೆದಳು. ಬಟನ್ ಒತ್ತಿಕೊಂಡೇ ಇದ್ದರೆ ಆ ಕಡೆಯ ಮಾತು ಬರುವುದಿಲ್ಲ ಎಂದು ಅಂಗಡಿಯವನು ಹೇಳುತ್ತಿರುವಾಗಲೇ ದರ್ಜಿ ಶುರು ಮಾಡಿಯಾಗಿತ್ತು. ಅಂಚೆ ಕಚೇರಿ ದಾಟಿದೆಯಾ, ಬಸ್ಸು ಬರುತ್ತೆ ಪಕ್ಕಕ್ಕೆ ನಿಲ್ಲು, ದನಿ ಸ್ಪಷ್ಟವಾಗಿದೆಯಾ, ಯಾಕೆ ಮಾತಾಡ್ತಿಲ್ಲ, ಕೋಪಾನಾ? ಕೊನೆಗೆ ಅಂಗಡಿಯವನತ್ತ ತಿರುಗಿ, "ಇದು ಕೆಟ್ಟಿದೆ ಸ್ವಾಮಿ, ಬೇರೆ ತೋರಿಸಿ," ಎಂದ.

ಅಷ್ಟರಲ್ಲಿ ಅವಳೇ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದಳು. "ರೀ, ಬಟನ್ ಬಿಡಿ," ಎಂದವಳೇ ಮತ್ತೆ ಬೀದಿಯ ಕೊನೆಗೆ ಹೊರಟಳು.

ಅವಳು ಅಲ್ಲಿ ತಲುಪಿರಬಹುದೆಂದು ಅಂದಾಜು ಮಾಡಿ ದರ್ಜಿ ಬಟನ್ ಒತ್ತಿದ. "ಹಾಂ, ಬಿಟ್ಟಿದೀನಿ ನೋಡು, ಹೇಳು. ಆರಾಮಾಗಿ ಹೇಳು, ನಾನು ಬಿಟ್ಟೇ ಇದೀನಿ..." ಅಂಗಡಿಯವನಿಗೆ ತಡೆಯಲಾಗಲಿಲ್ಲ. ಮೇಜಿನಾಚೆಯಿಂದ ಬಗ್ಗಿ, ಗಿರಾಕಿಯ ಹೆಬ್ಬೆರಳನ್ನು ತಾನೇ ಎತ್ತಿ ಪಕ್ಕಕ್ಕಿಟ್ಟ.

ಕರಕರ ಸದ್ದಿನ ನಡುವೆ ಅವಳ ದನಿ ಬಂತು. "ನಾನು ಮುಗಿಸೋವರೆಗೂ ಒತ್ತಬೇಡಿ. ಬೆಲೆ ವಿಷಯ ಅಲ್ಲ ನಾನು ಹೇಳೋಕೆ ಹೊರಟಿದ್ದು."

ದರ್ಜಿ ಸೆಟ್ಟನ್ನು ಕಿವಿಗೆ ಒತ್ತಿಕೊಂಡ. ಬೀದಿಯವರ ಮಾತೇ ನಿಜವಾಗುವ ಹೊತ್ತು ಬಂತೆಂದುಕೊಂಡ.

"ಹೋದ ವರ್ಷ ಮೂರನೇ ವಾರಕ್ಕೇ ನಾನು ಅಲ್ಲಿನ ಗೋಡೆ ಗಡಿಯಾರದ ಜೊತೆ ಮಾತಾಡೋಕೆ ಶುರು ಮಾಡಿದ್ದೆ ಕಣ್ರೀ. ಯಾರಿಗೂ ಹೇಳಿಲ್ಲ. ಈ ಸಲ ನೀವು ದಿನಾ ಮಾತಾಡಿ. ಯಾರ ಸೊಂಟದ ಕಥೆ ಬೇಕಾದರೂ ಹೇಳಿ, ಎಷ್ಟು ಹೊತ್ತಾದರೂ ಕೇಳ್ತೀನಿ. ನಿಮ್ಮ ದನಿ ಇಲ್ಲದೆ ನನಗೆ ಅಲ್ಲಿ ಇರೋಕಾಗಲ್ಲ. ಆದ್ರೆ ದಿನಕ್ಕೊಂದು ಸಲ, ಒಂದೇ ಸಲ, ಹೇಗಿದ್ದೀಯ ಅಂತ ಕೇಳಿ. ಕೇಳಿ, ಬಟನ್ ಬಿಡಿ."

ಸದ್ದು ನಿಂತಿತು. ದರ್ಜಿ ಸೆಟ್ಟನ್ನು ಬಾಯಿಯ ಹತ್ತಿರ ತಂದ. ಎಷ್ಟೋ ಮಾತು ನಾಲಿಗೆಯ ತುದಿಗೆ ಬಂದಿತ್ತು, ಎಲ್ಲವನ್ನೂ ನುಂಗಿಕೊಂಡ. ಬಟನ್ ಒತ್ತಿ, "ಹೇಗಿದ್ದೀಯ?" ಎಂದಷ್ಟೇ ಕೇಳಿದ. ತಕ್ಷಣ ಸೆಟ್ಟನ್ನು ಮೇಜಿನ ಮೇಲಿಟ್ಟು, ನಂಬಿಕೆ ಸಾಲದೆ ಹೆಬ್ಬೆರಳನ್ನು ಇನ್ನೊಂದು ಕೈಯ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡ.

ಉತ್ತರ ಬರಲಿಲ್ಲ. ಅಂಗಡಿಯ ಫ್ಯಾನು ತಿರುಗುತ್ತಲೇ ಇತ್ತು.

"ಮತ್ತೆ ಕೆಡ್ತಾ?" ದರ್ಜಿ ಪಿಸುಗುಟ್ಟಿದ.

ಅಂಗಡಿಯವನು ಬಗ್ಗಿ ನೋಡಿದ. "ಇಲ್ಲ. ಹಸಿರು ದೀಪ ಉರೀತಿದೆ. ಅವರು ಆ ಕಡೆ ಬಟನ್ ಒತ್ತಿ ಹಿಡ್ಕೊಂಡೇ ಇದಾರೆ," ಎಂದ. "ಮಾತು ಹೊರಡ್ತಿಲ್ಲ ಅಷ್ಟೇ. ಸ್ವಲ್ಪ ತಡೀರಿ."