ಆಸ್ಪತ್ರೆಗೆ ಹೋದ ದಿನದ ಲೆಕ್ಕ

ಏಳು ತಿಂಗಳ ಬಸುರಿ ನಾನು, ಹೆರಿಗೆ ರಜೆಯ ಅರ್ಜಿಯಲ್ಲಿ ಯಾವ ದಿನದಿಂದ ಎಂಬ ತಾರೀಕು ತುಂಬಿಸಲಾಗದೆ ಹಳೆಯ ನೋಟ್‌ಪುಸ್ತಕ ತೆರೆದರೆ ಇನ್ನೂ ಹೊಗೆಸೊಪ್ಪಿನ ವಾಸನೆ.

ಚಿಕ್ಕವಳಿದ್ದಾಗ ವೇಣೂರಿನ ಮನೆಯಲ್ಲಿ ಅಮ್ಮ ದಿನಕ್ಕೆ ಎಷ್ಟು ಕಟ್ಟು ಬೀಡಿ ಸುತ್ತಿದಳೆಂದು ನಾನು ಅದರಲ್ಲಿ ಬರೆಯುತ್ತಿದ್ದೆ. ನನಗೆ ನೆನಪಿರುವ ಒಂದು ಮಧ್ಯಾಹ್ನ ಅವಳಿಗೂ ಏಳು ತಿಂಗಳಾಗಿತ್ತು. ಹಿಂದಿನ ವರ್ಷ ಹೆರಿಗೆಗೆ ಹೋದವಳು ಬರಿಗೈಯಲ್ಲಿ ಬಂದಿದ್ದಳು.

"ಸಾಕು ಮಾರಾಯ್ತಿ, ಬಸುರಿಗೆ ಆ ಹೊಗೆಸೊಪ್ಪಿನ ಧೂಳು ಬೇಡ," ಎಂದರು ಅಜ್ಜಿ.

"ಕೈ ಸುಮ್ಮನಿದ್ದರೆ ತಲೆ ಸುಮ್ಮನಿರುವುದಿಲ್ಲ ಅತ್ತೆ," ಎಂದ ಅಮ್ಮ ನನ್ನತ್ತ ತಿರುಗಿದಳು. "ಕಳೆದ ಸಲ ನಾನು ಸುತ್ತುವುದು ಯಾವಾಗ ನಿಲ್ಲಿಸಿದ್ದೆ? ನಿನ್ನ ಪುಸ್ತಕದಲ್ಲಿ ಉಂಟಲ್ಲ?"

ಪುಟ ತಿರುವಿ ಹೆಮ್ಮೆಯಿಂದ ಓದಿದೆ: "ನಿಲ್ಲಿಸಲೇ ಇಲ್ಲಮ್ಮ. ಆಸ್ಪತ್ರೆಗೆ ಹೋದ ದಿನವೂ ನಾಲ್ಕು ಕಟ್ಟು."

ಅರ್ಧ ಸುತ್ತಿದ ಎಲೆ ಅವಳ ಬೆರಳಲ್ಲೇ ಬಿಚ್ಚಿಕೊಂಡಿತು. ಮಡಿಲಿನ ಮೊರವನ್ನು ಅಜ್ಜಿಯತ್ತ ಸರಿಸಿ, ಗೋಡೆಗೆ ಮುಖ ಮಾಡಿ ಮಲಗಿದಳು. ನಾನು ಅಂದಿನ ತಾರೀಕು ಬರೆದು, ಎಷ್ಟು ಕಟ್ಟು ಎಂದು ಕೇಳಲು ಬಹಳ ಹೊತ್ತು ಕಾದೆ.