ಒಳಗೆ ಖಾಲಿ

“ಆ ಮನುಷ್ಯನಿಗೆ ಕಣ್ಣಿದೆಯೋ ಇಲ್ಲವೋ?”

ಗ್ಯಾಲರಿಯ ಛಾವಣಿಯ ಮೇಲೆ ನಿಂತಿದ್ದ ಒಪಲ್ ಗಾಳಿಯನ್ನು ಕೇಳಿದಳು. ಕೆಳಗೆ ಕಾರ್ ರೇಸಿನ ಟ್ರ್ಯಾಕಿನಲ್ಲಿ ಅವಳ ಗಂಡ ಡಾಯ್ಲ್‌ನ ಕೆಂಪು ಕಾರು, ಬಾಗಿಲು ನುಜ್ಜಾಗಿ, ಸಾಲಿನ ಕೊನೆಗೆ ಹೋಗುತ್ತಿತ್ತು. ಶಿಕ್ಷೆ. ಅವನಿಗೆ ಗುದ್ದಿದ ಕಾಲ್ಟನ್ ಪೀಕ್‌ಗೆ ಏನೂ ಇಲ್ಲ.

ಇದು ಮೂರನೆಯ ಶನಿವಾರ. ಅದೇ ತಿರುವು, ಅದೇ ಇಬ್ಬರು, ಅದೇ ತೀರ್ಪು. ಮುಖ್ಯ ತೀರ್ಪುಗಾರ ಹಾರ್ಲನ್ ಬೀಸ್ಲಿಯ ತಂಗಿಯ ಅಳಿಯ ಈ ಪೀಕ್. ಇಡೀ ಊರಿಗೆ ಗೊತ್ತಿದ್ದ ವಿಷಯ. ಪೀಕ್ ತನ್ನ ಹಳದಿ ಕಾರಿಗೆ ಟಾರು ರಸ್ತೆಯಂಥ ಬೂದು ಬಣ್ಣ ಬಳಿಸಿದ್ದೂ ಮೂರು ವಾರದ ಹಿಂದೆಯೇ. ಬಣ್ಣದ ಜೊತೆ ನ್ಯಾಯವೂ ಬದಲಾಯಿತು ಎಂದು ಒಪಲ್ ಚರ್ಚಿನ ಬಾಗಿಲಲ್ಲೇ ಆಡಿ ತೋರಿಸಿದ್ದಳು.

ಸೀಟಿಗೆ ಬಿಗಿದು ಕೂತ ಡಾಯ್ಲ್‌ಗೆ ಪಕ್ಕಕ್ಕೆ ಕತ್ತು ತಿರುಗಿಸಲಾಗದು. ಒಳಬದಿಯಲ್ಲಿ ಯಾರಿದ್ದಾರೆ, ಯಾವಾಗ ಅತ್ತ ಸರಿಯಬಹುದು ಎಂದು ಮೇಲಿನಿಂದ ರೇಡಿಯೋದಲ್ಲಿ ಹೇಳುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ. ‘ಒಳಗೆ ಖಾಲಿ’ ಎಂದರೆ ಸಾಕು, ಅವನು ಯೋಚಿಸದೆ ಸ್ಟೀರಿಂಗ್ ತಿರುಗಿಸುತ್ತಿದ್ದ. ಇವತ್ತೂ ಹೇಳಿದ್ದಳು. ಆಗಲೇ ಪೀಕ್ ಎಲ್ಲಿಂದಲೋ ನುಗ್ಗಿದ್ದ.

ರೇಸು ಮುಗಿಯಿತು. “ಡಾಯ್ಲ್ ಎಷ್ಟನೇ ಜಾಗ?” ಎಂದು ಪಕ್ಕದವನನ್ನು ಕೇಳಿದಳು. ಅವನು ಎದುರಿನ ದೊಡ್ಡ ಫಲಕವನ್ನೊಮ್ಮೆ, ಅವಳನ್ನೊಮ್ಮೆ ನೋಡಿ, ಹದಿನಾಲ್ಕು ಎಂದ. ಕರೆಂಟು ಉಳಿಸಲು ಜಿಪುಣರು ದೀಪಗಳನ್ನೂ ಮಂಕು ಮಾಡಿದ್ದಾರೆ ಎಂದು ಅವಳು ಬೈದಳು.

ಋತುವಿನ ಕೊನೆಯ ರೇಸು. ಶಿಕ್ಷೆ ರದ್ದಾದರೆ ಋತುವಿನ ಕಪ್ ಡಾಯ್ಲ್‌ನದು, ಐವತ್ತೇಳರ ವಯಸ್ಸಿನಲ್ಲಿ ಮೊದಲ ಸಲ. ಅರ್ಧ ಗಂಟೆಯೊಳಗೆ ದೂರು ಕೊಟ್ಟರೆ ತೀರ್ಪುಗಾರರು ರೇಸಿನ ವಿಡಿಯೋ ಟೇಪು ತೋರಿಸಲೇಬೇಕು. ಹಿಂದಿನ ಎರಡು ಸಲವೂ ಡಾಯ್ಲ್ ತಡೆದಿದ್ದ. “ಬಿಡೇ, ತಪ್ಪು ನಂದೇ” ಎಂದು ಮುಖ ತಿರುಗಿಸಿದ್ದ. ಹೇಡಿ. ಇವತ್ತು ಅವನನ್ನು ಕೇಳುವ ಗೋಜಿಗೇ ಅವಳು ಹೋಗಲಿಲ್ಲ. ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಕಾಲಲ್ಲಿ ತಡವುತ್ತ, ತೀರ್ಪುಗಾರರ ಕೋಣೆಗೆ ನುಗ್ಗಿದಳು.

“ರೇಸಿಗೆ ಮುಂಚೆ ಟೋಪಿ ತೆಗೆದು ಪ್ರಾರ್ಥನೆ ಮಾಡ್ತೀರಲ್ಲ, ಬೀಸ್ಲಿ. ಯಾರಿಗೆ? ದೇವರಿಗೋ, ನಿಮ್ಮ ನೆಂಟನಿಗೋ?”

ಬೀಸ್ಲಿ ಎದ್ದು ನಿಂತ. “ಮನೆಗೆ ಹೋಗಿ, ಅಮ್ಮಾ. ಟೇಪು ಬೇಡ.”

“ಯಾಕೆ, ಹೊಟ್ಟೆಯೊಳಗೆ ನಡುಕವಾ?”

ಅಷ್ಟರಲ್ಲಿ ಹೆಲ್ಮೆಟ್ ಕೈಯಲ್ಲಿ ಹಿಡಿದು ಡಾಯ್ಲ್ ಬಾಗಿಲಿಗೆ ಬಂದ. ಓಡಿ ಬಂದವನ ಏದುಸಿರು. ಬೀಸ್ಲಿ ಅವನ ಮುಖ ನೋಡಿದ. ಡಾಯ್ಲ್ ತಲೆ ತಗ್ಗಿಸಿದ. ಆಮೇಲೆ ಬೀಸ್ಲಿ ಗುಂಡಿ ಒತ್ತಿದ.

ತೆರೆಯ ಮೇಲೆ ಕೆಂಪು ಕಾರು ತಿರುವಿಗೆ ಬಂತು. ರೇಡಿಯೋದಲ್ಲಿ ಅವಳದೇ ದನಿ: ‘ಒಳಗೆ ಖಾಲಿ.’ ಚಿತ್ರ ಅಲ್ಲೇ ನಿಂತಿತು.

ಒಪಲ್ ಮೂಗು ತಾಗುವಷ್ಟು ಬಾಗಿದಳು. ಮುಖ ಅರಳಿತು. “ನೋಡಿ! ಕೆಂಪು ಕಾರು ಒಂದೇ. ಎಲ್ಲಿದ್ದಾನೆ ನಿಮ್ಮ ಪೀಕ್?”

ಬೀಸ್ಲಿ ಬೆರಳು ಚಾಚಿ, ಕೆಂಪು ಕಾರಿಗೆ ಒತ್ತಿಕೊಂಡೇ ಓಡುತ್ತಿದ್ದ ಬೂದು ಕಾರಿನ ಮೇಲೆ ಇಟ್ಟ. ಅವಳು ಆ ಬೆರಳನ್ನೇ ನೋಡಿದಳು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಬೆರಳಿನ ಸುತ್ತ ಅವಳಿಗೆ ಕಂಡದ್ದು ಬರೀ ರಸ್ತೆ.

ಅವಳು ಗಂಡನತ್ತ ತಿರುಗಿದಳು. “ನೀನಾದರೂ ಹೇಳು. ಅಲ್ಲಿ ಯಾರೂ ಇಲ್ಲ ಅಂತ.”

ಡಾಯ್ಲ್ ಅವಳ ಕೊರಳಿನಿಂದ ರೇಡಿಯೋ ಬಿಡಿಸಿಕೊಂಡ.

“ತಪ್ಪು ನಂದೇ ಅಂತ ಎರಡು ವಾರ ಸುಳ್ಳು ಹೇಳಿದೆ, ಒಪಲ್. ಇನ್ನು ಹೇಳಲ್ಲ.”